ಮೈನಸ್ ನಲವತ್ತರಲ್ಲಿ ಲಸಿಕೆ ಪೆಟ್ಟಿಗೆ: 5 ಡಿಗ್ರಿ ಪ್ಯಾಕಿನ ಕ್ಯಾರಿಯರ್ ಎಷ್ಟು ಕೆಲಸಕ್ಕೆ ಬರುತ್ತದೆ?

ಲಸಿಕೆ ಪೆಟ್ಟಿಗೆಯ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಅಂಕಿ: ಎಷ್ಟು ಗಂಟೆ ತಂಪಾಗಿಡುತ್ತದೆ ಎಂಬುದು. ಕೆನಡಾದ ಉತ್ತರ ತುದಿಯ ನೂನಾವುಟ್‌ನಲ್ಲಿ ಕೆಲಸ ಮಾಡುವ ಸಾರ್ವಜನಿಕ ಆರೋಗ್ಯ ನರ್ಸ್‌ಗೆ ಚಳಿಗಾಲದಲ್ಲಿ ಆ ಅಂಕಿ ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿಯ ನಡುವೆ; ಅದು ಎಷ್ಟು ಗಂಟೆ ಹೆಪ್ಪುಗಟ್ಟದೆ ಉಳಿಯುತ್ತದೆ ಎಂದು ತಿಳಿಯಬೇಕು. ಅಲ್ಲಿನ 25 ಊರುಗಳ ನಡುವೆ ರಸ್ತೆಯೇ ಇಲ್ಲ. ಲಸಿಕೆ ವಿಮಾನದಲ್ಲಿ ಬರುತ್ತದೆ, ಆರೋಗ್ಯ ಕೇಂದ್ರದ ಫ್ರಿಜ್ ಸೇರುತ್ತದೆ. ಅಲ್ಲಿಂದ ಶಾಲೆಗೆ, ಹಿರಿಯರ ಮನೆಗೆ, ಕೆಲವೊಮ್ಮೆ ಸ್ನೋಮೊಬೈಲ್ ಎಳೆಯುವ ಕಾಮುಟಿಕ್ ಜಾರುಬಂಡಿಯ ಮೇಲೆ ಇನ್ನೂ ದೂರ. ಪ್ರತಿ ಹೆಜ್ಜೆಯಲ್ಲೂ 22 ಡಿಗ್ರಿಯ ಕೋಣೆ ಮತ್ತು ಮೈನಸ್ 30, 40ರ ಬಯಲು ಒಂದಾದ ಮೇಲೊಂದು ಎದುರಾಗುತ್ತವೆ.

ಇಲ್ಲಿ ಪರಿಶೀಲಿಸುತ್ತಿರುವುದು ನಿರ್ವಾತ ಫಲಕದ (ಒಳಗಿನ ಗಾಳಿ ತೆಗೆದು ಹಾಳೆಯಲ್ಲಿ ಮುಚ್ಚಿದ ಹಲಗೆಯ) ಗೋಡೆ ಮತ್ತು 5 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಪಿಸಿಎಂ (ಫೇಸ್ ಚೇಂಜ್ ಮಟೀರಿಯಲ್, ಅಂದರೆ ಕರಗುತ್ತ ಗಟ್ಟಿಯಾಗುತ್ತ ಶಾಖ ಹಿಡಿದು ಬಿಡುವ ವಸ್ತು) ಪ್ಯಾಕ್‌ಗಳಿರುವ ಗಟ್ಟಿ ಕ್ಯಾರಿಯರ್. ಈ ಬಗೆಯದನ್ನು ಹಲವು ಕಂಪನಿಗಳು ಮಾಡುತ್ತವೆ. ಕೆಳಗಿನ ಲೆಕ್ಕ ಒಂದು ಮಧ್ಯಮ ಗಾತ್ರದ ಪೆಟ್ಟಿಗೆಗೆ ಹಾಕಿದ್ದು: ಗೋಡೆ 25 ಮಿ.ಮೀ., ಮೇಲ್ಮೈ ಸುಮಾರು 0.7 ಚದರ ಮೀಟರ್, ತಲಾ 375 ಗ್ರಾಂ ಪಿಸಿಎಂ ಇರುವ ನಾಲ್ಕು ಪ್ಯಾಕ್. ಮೊದಲೇ ಹೇಳಿಬಿಡುವುದಾದರೆ, ಪೆಟ್ಟಿಗೆ ಒಳ್ಳೆಯದೇ, ಅದರ ಜೊತೆ ಬರುವ ಸೂಚನೆ ಮಾತ್ರ ಉತ್ತರದ ಚಳಿಗೆ ತಕ್ಕುದಲ್ಲ. ಪ್ಯಾಕ್‌ಗಳನ್ನೆಲ್ಲ ಗಟ್ಟಿಯಾಗಿಸಿ ತುಂಬಿ ಎನ್ನುತ್ತದೆ ಸೂಚನೆ. ಮೈನಸ್ 40ರಲ್ಲಿ ಹಾಗೆ ಮಾಡಿದರೆ ಒಳಗಿನ ಲಸಿಕೆಗೆ ಇಪ್ಪತ್ತು ನಿಮಿಷದ ಆಸರೆಯೂ ಸಿಗುವುದಿಲ್ಲ.

ಕಾರಣ ಸರಳ. ಪಿಸಿಎಂ ಕರಗುವಾಗ ಶಾಖ ಹೀರುತ್ತದೆ, ಗಟ್ಟಿಯಾಗುವಾಗ ಅದೇ ಶಾಖವನ್ನು ಹೊರಗೆ ಬಿಡುತ್ತದೆ. ಕಿಲೋಗೆ ಸುಮಾರು 200 ಕಿಲೋಜೂಲ್ ಎಂದು ಹಿಡಿದರೆ ನಾಲ್ಕು ಪ್ಯಾಕ್‌ಗಳಲ್ಲಿ 300 ಕಿಲೋಜೂಲ್ ಇರುತ್ತದೆ. ಹೊರಗೆ ಚಳಿ ಇದ್ದಾಗ ಲಸಿಕೆಯನ್ನು ಕಾಯುವುದು ಗಟ್ಟಿಯಾಗುತ್ತಿರುವ ಪ್ಯಾಕ್, ಅಂದರೆ ದ್ರವವಾಗಿ ಒಳಗೆ ಹೋದದ್ದು. ಮೊದಲೇ ಗಟ್ಟಿಯಾಗಿರುವ ಪ್ಯಾಕಿನಲ್ಲಿ ಬಿಡಲು ಶಾಖ ಉಳಿದಿರುವುದಿಲ್ಲ. ಈ ಪೆಟ್ಟಿಗೆಯಿಂದ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 0.2 ವಾಟ್ ಶಾಖ ಸೋರುತ್ತದೆ. ಹೊರಗೆ ಮೈನಸ್ 40 ಇದ್ದರೆ ಗಂಟೆಗೆ 32 ಕಿಲೋಜೂಲ್ ನಷ್ಟ, 22 ಡಿಗ್ರಿಯ ಕೋಣೆಯಲ್ಲಿ ಗಂಟೆಗೆ 12 ಕಿಲೋಜೂಲ್ ಒಳಗೆ ನುಗ್ಗುತ್ತದೆ.

ಹಾಗಾದರೆ ಎಲ್ಲವನ್ನೂ ದ್ರವವಾಗಿಯೇ ಹಾಕಿಬಿಡೋಣ ಎನ್ನುವಂತಿಲ್ಲ. ಬಯಲಿನಲ್ಲಿ ಒಂಬತ್ತು ಗಂಟೆ ತಡೆದರೂ, ಹವಾಮಾನ ಕೆಟ್ಟು ವಿಮಾನ ನಿಂತು ಬೆಚ್ಚಗಿನ ನಿಲ್ದಾಣದಲ್ಲಿ ಕೂರಬೇಕಾಯಿತು ಎನ್ನಿ, ಸುಮಾರು ಒಂದು ಗಂಟೆಯಲ್ಲೇ ಒಳಗೆ 8 ಡಿಗ್ರಿ ದಾಟುತ್ತದೆ. ಮೂರು ದ್ರವ, ಒಂದು ಗಟ್ಟಿ ಎಂದು ಜೋಡಿಸಿದರೆ ಮೈನಸ್ 40ರಲ್ಲಿ ಏಳು ಗಂಟೆ, ಬೆಚ್ಚಗಿನ ಕೋಣೆಯಲ್ಲಿ ಆರು ಗಂಟೆ ಸಿಗುತ್ತದೆ. ಎರಡು ಎರಡು ಹಾಕಿದರೆ ಚಳಿಯಲ್ಲಿ ನಾಲ್ಕೂವರೆ, ಕೋಣೆಯಲ್ಲಿ ಹನ್ನೆರಡು. ಇವು ಕಾಗದದ ಮೇಲಿನ ಗಂಟೆಗಳು. ಮೂಲೆಗಳ ಸೋರಿಕೆ, ಮುಚ್ಚಳ ತೆರೆಯುವುದು, ಗಾಳಿ ಎಲ್ಲ ಸೇರಿಸಿ ಮೂರನೇ ಒಂದು ಭಾಗ ಕಳೆಯುವುದು ಜಾಣತನ. ಜಾರುಬಂಡಿಯ ದಾರಿಗೆ ಮೂರು-ಒಂದು, ವಿಮಾನದ ದಾರಿಗೆ ಎರಡು-ಎರಡು ಸರಿಹೊಂದುತ್ತದೆ. ವಿಮಾನದಲ್ಲಿ ಪೆಟ್ಟಿಗೆ ನಿಮ್ಮ ಜೊತೆ ಕ್ಯಾಬಿನ್‌ನಲ್ಲೇ ಇರಬೇಕು. ಸರಕಿನ ಜಾಗ ಬೆಚ್ಚಗಿರುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೂ, ಟಾರ್ಮ್ಯಾಕ್ ಮೇಲೆ ಸಾಮಾನಿನ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅವರು ಹೇಳಲಾರರು.

ದ್ರವ ಪ್ಯಾಕ್‌ಗಳನ್ನು ನಂಬುವುದರಲ್ಲಿ ಇನ್ನೊಂದು ತೊಡಕೂ ಇದೆ. ಕೆಲವು ಪಿಸಿಎಂಗಳು, ಮುಖ್ಯವಾಗಿ ಲವಣದ ಹೈಡ್ರೇಟ್ ಬಗೆಯವು, 5 ಡಿಗ್ರಿ ದಾಟಿ ಕೆಳಗಿಳಿದರೂ ಹರಳಾಗದೆ ದ್ರವವಾಗಿಯೇ ಉಳಿದುಬಿಡುತ್ತವೆ. ಹರಳಾಗದಿದ್ದರೆ ಶಾಖವೂ ಬಿಡುಗಡೆಯಾಗದು, ಅಷ್ಟರಲ್ಲಿ ಲಸಿಕೆ ಸೊನ್ನೆಗೆ ಇಳಿದಿರುತ್ತದೆ. ಪ್ಯಾರಾಫಿನ್ ಬಗೆಯಲ್ಲಿ ಈ ಕಾಟ ಕಡಿಮೆ; ಟೆಟ್ರಾಡೆಕೇನ್ 6 ಡಿಗ್ರಿಯ ಹತ್ತಿರ ಕರಗುತ್ತದೆ, ಹೆಚ್ಚು ತಡ ಮಾಡದೆ ಗಟ್ಟಿಯೂ ಆಗುತ್ತದೆ. ಕೊಳ್ಳುವ ಮುನ್ನ ಒಳಗಿರುವುದು ಯಾವುದೆಂದು ಕೇಳಿ. ಲವಣದ್ದಾದರೆ ಪ್ರತಿ ಪ್ಯಾಕಿನಲ್ಲೂ ಸ್ವಲ್ಪ ಹರಳು ಉಳಿದಿರುವಂತೆ ಅರೆಬರೆ ಕರಗಿಸಿ ಹಾಕುವುದೇ ಸರಿ.

ತಯಾರಿ ಹಿಂದಿನ ರಾತ್ರಿಯಿಂದಲೇ ಶುರುವಾಗಬೇಕು. ಮೂರು-ಒಂದು ಜೋಡಣೆಗೆ, ಪ್ಯಾರಾಫಿನ್ ಬಗೆಯದಾದರೆ, ಮೂರು ಪ್ಯಾಕ್ ಕೋಣೆಯ ಬಿಸಿಯಲ್ಲಿ ಮೇಜಿನ ಮೇಲೆ, ಒಂದು ಮೈನಸ್ 20ರ ಫ್ರೀಜರ್‌ನಲ್ಲಿ. ಲಸಿಕೆ ಫ್ರಿಜ್‌ನಲ್ಲಿ ಇಟ್ಟು ತಯಾರು ಮಾಡಲು ಹೋಗಬೇಡಿ: ಫ್ರಿಜ್ ಇರುವುದೇ 5 ಡಿಗ್ರಿಯಲ್ಲಿ, ಪ್ಯಾಕ್ ಕರಗಿದೆಯೋ ಗಟ್ಟಿಯಿದೆಯೋ ಬೆಳಿಗ್ಗೆ ಯಾರಿಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಮೂರನ್ನು ಅಲುಗಾಡಿಸಿ ನೋಡಿ. ಪೂರ್ತಿ ದ್ರವದ ಸದ್ದು ಬರಬೇಕು, ಒಳಗೆ ಗಡ್ಡೆ ತಾಗಬಾರದು. ನಾಲ್ಕನ್ನೂ ಪೆಟ್ಟಿಗೆಯಲ್ಲಿಟ್ಟು, ಲಸಿಕೆ ಹಾಕದೆ, ನಡುವೆ ಲಾಗರ್ (ತಾಪಮಾನ ದಾಖಲಿಸುವ ಸಾಧನ) ಮಾತ್ರ ಇಟ್ಟು ಮುಚ್ಚಿ. ಬೆಚ್ಚಗಿನ ಮೂರು ತಮ್ಮ ಹೆಚ್ಚಿನ ಶಾಖವನ್ನು ಫ್ರೀಜರ್‌ನಿಂದ ಬಂದದ್ದಕ್ಕೆ ಕೊಟ್ಟು, ಸುಮಾರು ಎರಡು ಗಂಟೆಯಲ್ಲಿ ಎಲ್ಲವೂ 5ರ ಸುತ್ತ ಬಂದು ನಿಲ್ಲುತ್ತವೆ. ಲಾಗರ್ ಅರ್ಧ ಗಂಟೆ 4ರಿಂದ 6ರ ನಡುವೆ ಅಲುಗದೆ ನಿಂತ ಮೇಲೆ ಲಸಿಕೆ ತುಂಬಿ. ಈ ಎರಡು ಗಂಟೆ ಉಳಿಸಲು ಹೋಗಿ ಮೈನಸ್ 20ರ ಪ್ಯಾಕಿಗೆ ಲಸಿಕೆ ತಾಗಿಸಿದರೆ ಊರು ಬಿಡುವ ಮೊದಲೇ ಕೆಲಸ ಕೆಟ್ಟಂತೆ.

ಕೆಡುವುದು ಕಣ್ಣಿಗೆ ಕಾಣುವುದಿಲ್ಲ ಎಂಬುದೇ ದೊಡ್ಡ ತಲೆನೋವು. ಹೆಪಟೈಟಿಸ್ ಬಿ, ಎಚ್‌ಪಿವಿ, ಧನುರ್ವಾಯು-ಡಿಫ್ತೀರಿಯಾ-ನಾಯಿಕೆಮ್ಮಿನ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣದ ನುಣ್ಣನೆಯ ಕಣಗಳಿರುತ್ತವೆ. ಹೆಪ್ಪುಗಟ್ಟಿದರೆ ಅವು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಕರಗಿದ ಮೇಲೂ ಬಿಡಿಸಿಕೊಳ್ಳುವುದಿಲ್ಲ, ಲಸಿಕೆಯ ಶಕ್ತಿ ಕುಂದುತ್ತದೆ. ಹೆಪಟೈಟಿಸ್ ಬಿ ಮೈನಸ್ 0.5ರಷ್ಟರಲ್ಲೇ ಹೆಪ್ಪುಗಟ್ಟಬಲ್ಲದು. ಸೊನ್ನೆಗಿಂತ ಕೆಳಗೂ ದ್ರವವಾಗಿರುವ ಲಸಿಕೆ ಜಾರುಬಂಡಿಯ ಒಂದು ಕುಲುಕಿಗೇ ಹೆಪ್ಪುಗಟ್ಟಬಹುದು. ದಡಾರ-ಮಂಗನಬಾವು-ರುಬೆಲ್ಲಾದ ಒಣಪುಡಿಗೆ ಚಳಿಯ ಭಯವಿಲ್ಲ, ಆದರೆ ಅದನ್ನು ಕಲಸುವ ದ್ರವದ ಸೀಸೆ ಹೆಪ್ಪುಗಟ್ಟಿದರೆ ಬಿರಿಯುತ್ತದೆ. ಕ್ಷಯ ಪರೀಕ್ಷೆಯ ಟ್ಯೂಬರ್‌ಕ್ಯುಲಿನ್ ಕೂಡ ಹೆಪ್ಪುಗಟ್ಟಿದರೆ ಎಸೆಯಬೇಕಾದ್ದೇ. ಬೆಳಕೂ ಅದಕ್ಕೆ ಆಗದು, ಹಾಗಾಗಿ ರಟ್ಟಿನ ಡಬ್ಬಿಯಿಂದ ತೆಗೆಯಬೇಡಿ.

ಲಾಗರ್ ಬಗ್ಗೆ ಒಂದು ಮಾತು. ಬರ್ಲಿಂಗರ್ ಕಂಪನಿಯ ಫ್ರೀಜ್-ಟ್ಯಾಗ್ ಸೊನ್ನೆಗಿಂತ ಕೆಳಗೆ 60 ನಿಮಿಷ ಕಳೆದರೆ ಗುಣಾಕಾರ ಚಿಹ್ನೆ ತೋರಿಸುತ್ತದೆ. ಫ್ರಿಜ್-ಟ್ಯಾಗ್ 2 ಮೈನಸ್ 0.5ಕ್ಕಿಂತ ಕೆಳಗೆ 60 ನಿಮಿಷಕ್ಕೆ ಎಚ್ಚರಿಸುತ್ತದೆ. ನಿಂತಲ್ಲೇ ಇರುವ ಫ್ರಿಜ್‌ಗೆ ಇವು ಅಚ್ಚುಕಟ್ಟು. ಬಯಲಿನಲ್ಲಿ ಸಾಗುವ ಸಣ್ಣ ಪೆಟ್ಟಿಗೆಗೆ 60 ನಿಮಿಷ ಬಹಳ ಉದ್ದ. ಟಿಕ್ ಗುರುತು ಉಳಿದಿದೆ ಎಂದಮಾತ್ರಕ್ಕೆ ಲಸಿಕೆ ಉಳಿದಿದೆ ಎನ್ನಲಾಗದು. ಐದು ನಿಮಿಷಕ್ಕೊಮ್ಮೆ ದಾಖಲಿಸಿ, ಕನಿಷ್ಠ-ಗರಿಷ್ಠ ತೋರಿಸುವ ಲಾಗರ್ ಬೇಕು. ಅದನ್ನು ಲಸಿಕೆ ಡಬ್ಬಿಗಳ ನಡುವೆ, ಪ್ಯಾಕಿಗೆ ತಾಗದಂತೆ ಇಡಿ.

ಇನ್ನು ಪೆಟ್ಟಿಗೆಯ ಮೈಕಟ್ಟು. ನಿರ್ವಾತ ಫಲಕದ ದೊಡ್ಡ ದೌರ್ಬಲ್ಯ ತೂತು. ಬಿದ್ದು ಒಳಗಿನ ಹಾಳೆ ಸೀಳಿದರೆ ಗಾಳಿ ಹೊಕ್ಕು, ಆ ಫಲಕ ಮಾಮೂಲಿ ಫೋಮ್ ಮಟ್ಟಕ್ಕೆ ಇಳಿಯುತ್ತದೆ, ಹೊರಗೆ ಗುರುತೇ ಇರುವುದಿಲ್ಲ. ಋತುವಿಗೊಮ್ಮೆ ಖಾಲಿ ಪೆಟ್ಟಿಗೆಗೆ ಗಟ್ಟಿ ಪ್ಯಾಕ್ ತುಂಬಿ ಕೋಣೆಯಲ್ಲಿಟ್ಟು ಎಷ್ಟು ಗಂಟೆ ನಿಲ್ಲುತ್ತದೆ ಎಂದು ಬರೆದಿಡಿ. ಹಿಂದಿನದಕ್ಕಿಂತ ಥಟ್ಟನೆ ಕಡಿಮೆಯಾದರೆ ಫಲಕ ಹೋಗಿದೆ. ಪಾಲಿಎಥಿಲೀನ್ ಮೈ ಈ ಚಳಿಗೆ ಬಗ್ಗುತ್ತದೆ, ಒಡೆಯದು. ಮಾಮೂಲಿ ಪಾಲಿಪ್ರೊಪಿಲೀನ್ ಚಿಲಕ ಲಟಕ್ಕನೆ ಮುರಿಯುತ್ತದೆ. ವೆಲ್ಕ್ರೋದಲ್ಲಿ ಹಿಮ ತುಂಬಿದರೆ ಹಿಡಿಯುವುದಿಲ್ಲ. ದಪ್ಪ ಕೈಗವಸಿನಲ್ಲಿ ತೆರೆಯಲಾಗದ ಚಿಲಕವಿದ್ದರೆ ಆ ಮಾದರಿಯನ್ನು ಬಿಟ್ಟುಬಿಡಿ. ಕೈ ಬೆಚ್ಚಗಾಗಿಸುವ ಪುಡಿ ಪೊಟ್ಟಣಗಳನ್ನು ಒಳಗೆ ಇಡುವವರಿದ್ದಾರೆ. ಅದಕ್ಕೆ ಆಮ್ಲಜನಕ ಬೇಕು, ಮುಚ್ಚಿದ ಪೆಟ್ಟಿಗೆಯಲ್ಲಿ ಅರ್ಧಕ್ಕೇ ನಂದುತ್ತದೆ, ಉರಿದಷ್ಟು ಹೊತ್ತು ತಾಗಿದ ಲಸಿಕೆಯನ್ನು 8ರ ಮೇಲೆ ಒಯ್ಯುತ್ತದೆ. ಬೇಕಿದ್ದರೆ ಹೊರಗಿನಿಂದ ಮಲಗುಚೀಲ ಸುತ್ತಿ, ಗಾಳಿ ತಡೆಯಲು ಅದು ಸಾಕು.

ಬೇರೆ ಆಯ್ಕೆಗಳು? ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಹೆಪ್ಪು-ತಡೆ ಕ್ಯಾರಿಯರ್‌ಗಳು ಚೆನ್ನಾಗಿವೆ, ಆದರೆ ಅವುಗಳ ಒಳಗೋಡೆ ಇರುವುದು ಫ್ರೀಜರ್‌ನಿಂದ ಬಂದ ಐಸ್‌ನಿಂದ ಲಸಿಕೆಯನ್ನು ಕಾಯಲು, ಹೊರಗಿನ ಮೈನಸ್ 40ರಿಂದಲ್ಲ. ಥರ್ಮೋಕೋಲ್ ಪೆಟ್ಟಿಗೆಗೆ ಫ್ರಿಜ್‌ನ ತಣ್ಣೀರು ಪ್ಯಾಕ್ ಹಾಕಿದರೆ ಹತ್ತು ನಿಮಿಷದೊಳಗೆ 2ಕ್ಕಿಂತ ಕೆಳಗಿಳಿಯುತ್ತದೆ. ಆಮೇಲೆ ನೀರು ಹೆಪ್ಪುಗಟ್ಟುತ್ತ ಸೊನ್ನೆಯ ಬಳಿ ಎರಡು-ಮೂರು ಗಂಟೆ ಹಿಡಿದಿಡುತ್ತದೆ. ಲಸಿಕೆ ಬದುಕಿರಬಹುದು, ಆದರೂ 2-8ರ ಗಡಿ ದಾಟಿದ್ದು ದಾಟಿದ್ದೇ. ಆಗ ಲಸಿಕೆಯನ್ನು ಎಸೆಯಲೂ ಬೇಡಿ, ಹಾಕಲೂ ಬೇಡಿ. "ಬಳಸಬೇಡಿ" ಎಂದು ಚೀಟಿ ಅಂಟಿಸಿ, ಬೇರೆಯಾಗಿ ಫ್ರಿಜ್‌ನಲ್ಲಿಟ್ಟು, ಲಾಗರ್‌ನ ದಾಖಲೆ, ಲಾಟ್ ಸಂಖ್ಯೆ, ಎಷ್ಟು ಹೊತ್ತು ಎಷ್ಟು ಡಿಗ್ರಿ ಎಂಬ ವಿವರದೊಂದಿಗೆ ಪ್ರಾಂತದ ಸಾರ್ವಜನಿಕ ಆರೋಗ್ಯ ಕಚೇರಿಗೆ ವರದಿ ಮಾಡಿ. ಉಳಿಸುವುದೋ ಬಿಡುವುದೋ ಎಂಬ ತೀರ್ಮಾನ ಅವರದು.