ಹಳೇ ಕೃಷಿ ಉಪಕರಣದ ವಯಸ್ಸು ಹಿಡಿಯಲು ಗೂಗಲ್ ಪೇಟೆಂಟ್ಸ್: ಎಷ್ಟು ನಂಬಬಹುದು?

ಎರಕದ ಮೇಲೆ ಪೇಟೆಂಟ್ ಅಂಕಿಯೋ ತಾರೀಕೋ ಇದ್ದರೆ ಪೇಟೆಂಟ್ ದಾಖಲೆಗಳನ್ನು ಹುಡುಕಿಕೊಡುವ ಗೂಗಲ್ ಪೇಟೆಂಟ್ಸ್‌ನಷ್ಟು ಕೆಲಸಕ್ಕೆ ಬರುವ ಉಚಿತ ಸೇವೆ ಸಿಗುವುದು ಕಷ್ಟ. ಗುರುತೇ ಇಲ್ಲದ ವಸ್ತುವಿಗೆ ಇದು ನಿಷ್ಪ್ರಯೋಜಕ. ಕುಲುಮೆಯಲ್ಲಿ ಬಡಿದ ಕುಡುಗೋಲು, ಗುದ್ದಲಿಗಳನ್ನು ಇಲ್ಲಿ ಹುಡುಕಲು ಹೋಗಬೇಡಿ. ಇದು ಕಾರ್ಖಾನೆಯ ಮಾಲಿಗೆ, ಅದರಲ್ಲೂ ಅಮೆರಿಕದ ಮೆಕ್ಕೆಜೋಳ ಬಿಡಿಸುವ ಯಂತ್ರ, ಬಿತ್ತನೆ ಯಂತ್ರ, ಬೇಲಿತಂತಿ ಬಿಗಿಯುವ ಸಾಧನಗಳಿಗೆ.

ಅರ್ಧ ಗೆಲುವು ಅಂಕಿ ಓದುವುದರಲ್ಲೇ ಇದೆ. ತಂತಿ ಬ್ರಷ್ ಹಾಕಿದ ಗ್ರೈಂಡರ್ ಹಿಡಿಯಬೇಡಿ. ಅಕ್ಷರದ ಅಂಚೂ ಹಳೇ ಬಣ್ಣವೂ ಒಟ್ಟಿಗೇ ಹೋಗುತ್ತವೆ. ಉಬ್ಬಕ್ಷರದ ಮೇಲೆ ಸೀಮೆಸುಣ್ಣ ಅಡ್ಡಡ್ಡ ಉಜ್ಜಿ, ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಬಿಟ್ಟು ಫೋಟೊ ತೆಗೆಯಿರಿ. ಹಿಂದೊಂದು ಅಕ್ಷರವಿದ್ದು ಮೂರು ಅಂಕಿಯಷ್ಟೇ ಇದ್ದರೆ ಅದು ಬಹುಪಾಲು ಬಿಡಿಭಾಗದ ಸಂಖ್ಯೆ, ಪೇಟೆಂಟ್ ಅಲ್ಲ. ಅಮೆರಿಕದ ಈಗಿನ ಎಣಿಕೆ ಶುರುವಾದದ್ದು 1836ರಲ್ಲಿ. ಹತ್ತು ಲಕ್ಷ ಮುಟ್ಟಿದ್ದು 1911ರ ಆಗಸ್ಟ್‌ನಲ್ಲಿ. ಹಾಗಾಗಿ ಏಳಂಕಿ ಕಂಡರೆ ಅದಕ್ಕಿಂತ ಹಳೆಯದೆಂಬ ಮಾತನ್ನು ನಂಬಬೇಕಿಲ್ಲ.

ಹಳೇ ಮಾಲಿನ ಮೇಲೆ ಅಂಕಿ ಇರದೆ ತಾರೀಕು ಮಾತ್ರ ಇರುವುದೇ ಹೆಚ್ಚು. ಸವೆದ ತಾರೀಕಿಗೆ ಒಂದು ಪರೀಕ್ಷೆ ಉಂಟು: 19ನೇ ಶತಮಾನದ ನಡುಭಾಗದಿಂದ ಅಲ್ಲಿ ಪೇಟೆಂಟ್ ಕೊಡುವುದು ಮಂಗಳವಾರವೇ. ಜೋಸೆಫ್ ಗ್ಲಿಡನ್‌ನ ಮುಳ್ಳುತಂತಿಯ ಪೇಟೆಂಟ್ (ಸಂಖ್ಯೆ 157124) 1874ರ ನವೆಂಬರ್ 24ರದು, ಮಂಗಳವಾರ. ವರ್ಷದ ಕೊನೆಯ 4ನ್ನು 1 ಎಂದು ಓದಿದರೆ ಶುಕ್ರವಾರ ಬರುತ್ತದೆ, ತಪ್ಪು ತಕ್ಷಣ ಗೊತ್ತಾಗುತ್ತದೆ.

ಅಂಕಿ ಸಿಕ್ಕರೆ ಹುಡುಕಾಟ ನಿಮಿಷದ ಕೆಲಸ. ಹೆಸರಿನಿಂದ ಹುಡುಕುವಾಗ ಮಾತ್ರ ತಾಳ್ಮೆ ಬೇಕು. ಹಳೇ ಮುದ್ರಿತ ಪುಟಗಳನ್ನು ಯಂತ್ರ ಓದಿ ಪಠ್ಯವಾಗಿಸಿದೆ. ಸಂಶೋಧಕರ ಹೆಸರುಗಳು ಕಲಸಿಹೋಗಿವೆ. ಬರೀ ತಾರೀಕು ಇದ್ದವರಿಗೆ ಸ್ವಯಂಸೇವಕರು ನಡೆಸುವ ಡೇಟಾಂಪ್ (DATAMP, ಅಮೆರಿಕದ ಉಪಕರಣ, ಯಂತ್ರಗಳ ಪೇಟೆಂಟ್ ಪಟ್ಟಿಯ ಜಾಲತಾಣ) ಒಳ್ಳೆಯದು. ಅಲ್ಲಿ ಉಪಕರಣದ ಬಗೆ, ತಯಾರಕರ ಹೆಸರೂ ಸಿಗಬಹುದು, ಆದರೆ ಎಲ್ಲ ಪೇಟೆಂಟ್‌ಗಳೂ ಅದರಲ್ಲಿಲ್ಲ.

ಫಲಿತಾಂಶದಲ್ಲಿ ಮೊದಲು ನೋಡಬೇಕಾದ್ದು ಚಿತ್ರ. ಹಲ್ಲುಚಕ್ರ, ಸ್ಪ್ರಿಂಗ್, ಹಿಡಿಯ ಜೋಡಣೆ ಕೈಯಲ್ಲಿರುವುದಕ್ಕೆ ತಾಳೆಯಾಗಬೇಕು. ಕಾರ್ಖಾನೆಗಳು ನಕ್ಷೆಗಿಂತ ಸರಳವಾಗಿ ಮಾಡುತ್ತಿದ್ದುದುಂಟು, ಸಣ್ಣ ವ್ಯತ್ಯಾಸಕ್ಕೆ ಹೆದರಬೇಡಿ. ದೊಡ್ಡ ಮೋಸ ಬೇರೆಯೇ ಇದೆ: ಪೇಟೆಂಟ್ ತಾರೀಕು ತಯಾರಿಕೆಯ ತಾರೀಕಲ್ಲ. 1861ರಿಂದ 1995ರವರೆಗೆ ಪೇಟೆಂಟ್‌ನ ಅವಧಿ 17 ವರ್ಷವಿತ್ತು. ಅವಧಿ ಮುಗಿದರೂ ಎರಕದ ಅಚ್ಚನ್ನು ತಿದ್ದುವ ಗೋಜಿಗೆ ಹೋಗದವರು ಅದೇ ತಾರೀಕಿನ ಮಾಲನ್ನು ಹೊರತರುತ್ತಿದ್ದರು. "ಇದಕ್ಕಿಂತ ಹಳೆಯದಲ್ಲ" ಎನ್ನಬಹುದೇ ಹೊರತು "ಇದೇ ವರ್ಷದ್ದು" ಎನ್ನಲಾಗದು. ತಲೆಯಲ್ಲಿ + ಆಕಾರದ ಸೀಳಿರುವ ಫಿಲಿಪ್ಸ್ ಸ್ಕ್ರೂ ಕಂಡರೆ ಆ ಸ್ಕ್ರೂ ಮಾತ್ರ 1930ರ ದಶಕದ್ದೋ ಅದಕ್ಕಿಂತ ಈಚಿನದೋ ಆಗಿರುತ್ತದೆ. ದುರಸ್ತಿಯೋ ನಕಲೋ ವಿಚಾರಿಸಿ.

ಬೆಲೆಯ ವಿಷಯದಲ್ಲಿ ಈ ಸೇವೆ ಮೂಕ. ಪೇಟೆಂಟ್ ಇದ್ದ ಮಾತ್ರಕ್ಕೆ ವಸ್ತು ಅಪರೂಪವಾಗುವುದಿಲ್ಲ, ಲಕ್ಷಗಟ್ಟಲೆ ಮಾರಾಟವಾದವೂ ಉಂಟು. ಮಾರಾಟವಾದ ಹರಾಜಿನ ಬೆಲೆ ಹುಡುಕಿ, ಮಾರುವವ ಕೇಳುತ್ತಿರುವ ಬೆಲೆಯನ್ನಲ್ಲ. ಮೂಲ ಹಿಡಿ, ಮೂಲ ಬಣ್ಣ ಉಳಿದಿದ್ದರೆ ಮೇಲಕ್ಕೆ. ಬಿರುಕಿಗೆ ವೆಲ್ಡಿಂಗ್ ಆಗಿದ್ದರೆ ಕೆಳಕ್ಕೆ. ಸಂಗ್ರಾಹಕರು ಮುಗಿಬೀಳುವ, ಹಳೇ ಕೃಷಿ ಯಂತ್ರಗಳ ಮೇಲೆ ಕೂರುವ ಎರಕದ ಆಸನಗಳಲ್ಲಿ ನಕಲು ಹೆಚ್ಚು: ಮೈ ಮರಳಿನಂತೆ ತರಿತರಿ, ಅಕ್ಷರದ ಅಂಚು ಮೊಂಡು. ಆ ನಕಲುಗಳ ಮೇಲಿನ ಪೇಟೆಂಟ್ ತಾರೀಕೂ ಅಸಲಿಯಿಂದಲೇ ಅಚ್ಚೊತ್ತಿದ್ದು, ಹುಡುಕಿದರೆ ಸರಿಯಾಗಿಯೇ ಸಿಗುತ್ತದೆ.