ಸಂಕಲ್ಪದ ಡೈರಿ 2026: ಕಾಗದ ಪರವಾಗಿಲ್ಲ, ಕಾಲಂಗಳದ್ದೇ ತಕರಾರು

ಡಿಸೆಂಬರ್ ಮುಗೀತಾ ಬಂತಂದ್ರೆ ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಪುಸ್ತಕದ ಅಂಗಡಿಗಳಲ್ಲಿ ಕ್ಯಾಲೆಂಡರ್, ಪಂಚಾಂಗ, ಡೈರಿಗಳ ರಾಶಿ. ಈ ಸಲ ಹೊಸದೊಂದು ಕಂಡಿತು. ಪೂಜೆ ಮತ್ತು ಕೆಲಸ, ಎರಡಕ್ಕೂ ಒಂದೇ ಡೈರಿ ಅಂತ. ಮೇಲೆ ಬರೆದ ಬೆಲೆ 380, ಕೇಳಿದರೆ 340ಕ್ಕೆ ಕೊಡುತ್ತಾರೆ. ಜನವರಿಯಿಂದ ಬಳಸುತ್ತಿದ್ದೇನೆ. ಈಗ ರಂಜಾನ್ ಶುರುವಾಗಿದೆ, ಹೊಸ ವರ್ಷದ ಹುರುಪೂ ಇಳಿದಿದೆ, ಹಾಗಾಗಿ ಯಾವುದು ನಿಂತಿತು ಯಾವುದು ಬಿದ್ದುಹೋಯಿತು ಅಂತ ಹೇಳಲು ಇದೇ ಸರಿಯಾದ ಹೊತ್ತು. ಮಾಡಿದವರ ಹೆಸರು ಬರೆಯಲ್ಲ, ಅವರ ಹೊಟ್ಟೆ ಮೇಲೆ ಯಾಕೆ ಹೊಡೆಯೋದು.

ಮೊದಲು ಒಳ್ಳೆಯದು. ಗಟ್ಟಿ ರೆಕ್ಸಿನ್ ಹೊದಿಕೆ, ಹೊಲಿಗೆ ಹಾಕಿದ ಬೈಂಡಿಂಗ್, ಮೇಜಿನ ಮೇಲೆ ಇಟ್ಟರೆ ತಾನಾಗೇ ಮುಚ್ಚಿಕೊಳ್ಳಲ್ಲ. ಬಾಲ್ ಪೆನ್ನಿಗೆ ಕಾಗದ ಸಾಕು. ಜೆಲ್ ಪೆನ್ ಮಾತ್ರ ಬೇಡ, ಹಿಂದಿನ ಪುಟಕ್ಕೆ ಶಾಯಿ ಇಳಿದು ಸೋಮವಾರದ ವಚನದ ಮೇಲೆ ಮಂಗಳವಾರದ ಫೈಲ್ ನಂಬರ್ ಮೂಡುತ್ತೆ.

ಪುಟ ಹೀಗಿದೆ. ಎಡಕ್ಕೆ 'ದೇವರು': ಒಂದು ವಚನ, ಅದರ ಕೆಳಗೆ ಟಿಕ್ ಹಾಕಲು ಐದು ಖಾಲಿ ಚೌಕ. ಬಲಕ್ಕೆ 'ಕೆಲಸ': ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಗಂಟೆ ಗಂಟೆಗೆ ಗೆರೆ. ಆ ಐದು ಚೌಕಕ್ಕೆ ಏನು ಬರೆಯಬೇಕು ಅಂತ ಹೇಳದೆ ಬಿಟ್ಟಿರುವುದು ಜಾಣತನ. ನಾನು ಇಷ್ಟಲಿಂಗ ಪೂಜೆ, ವಾಕಿಂಗು, ಗುಟ್ಕಾ ಇಲ್ಲ, ಹೀಗೆ ತುಂಬಿದೆ. ನಮ್ಮ ಸರ್ಕಾರಿ ಕಚೇರಿಯಲ್ಲಿ ಪಕ್ಕದ ಟೇಬಲ್‌ನ ಗೆಳೆಯರೂ ಇದನ್ನೇ ಕೊಂಡಿದ್ದಾರೆ. ಅವರಿಗೆ ಐದು ಚೌಕ ಐದು ಹೊತ್ತಿನ ನಮಾಜಿಗೆ ಲೆಕ್ಕ ಹಾಕಿ ಮಾಡಿದಂತೆ ಕೂತಿದೆ. ಈಗ ರೋಜಾಕ್ಕೆ ಅಂತ ಸ್ಕೇಲ್ ಇಟ್ಟು ಆರನೇದು ಎಳೆದುಕೊಂಡಿದ್ದಾರೆ. ಅವರ ಪುಟ ನೋಡಿದರೆ ನನಗೆ ಹೊಟ್ಟೆಕಿಚ್ಚು, ಒಂದು ಚೌಕವೂ ಖಾಲಿ ಇಲ್ಲ.

ಇನ್ನು ತಕರಾರು. ಇದನ್ನು ಮಾಡಿದವರು ನಮ್ಮ ಕಡೆ ಬೇಸಿಗೆ ನೋಡಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ಆಮೇಲೆ ಆ ಬಿಸಿಲಿನಲ್ಲಿ ಹೊರಗೆ ಕಾಲಿಡೋದೇ ಕಷ್ಟ. ಅಂದರೆ ಎರಡು ತಿಂಗಳು ನನ್ನ ದಿನದ ಮೊದಲ ಗಂಟೆಗೆ ಗೆರೆಯೇ ಇಲ್ಲ, ಕೆಳಗಿನ ಅರ್ಧ ಪುಟ ಸುಮ್ನೆ ಬಿಳಿ. ಎರಡನೇ ಶನಿವಾರಕ್ಕೆ ಕೆಂಪು ಶಾಯಿ ಇದೆ, ನಮಗೆ ರಜೆ ಇರುವ ನಾಲ್ಕನೇ ಶನಿವಾರಕ್ಕೆ ಇಲ್ಲ. ಸೆಪ್ಟೆಂಬರ್ 17ಕ್ಕೆ ಒಂದಕ್ಷರವೂ ಇಲ್ಲ! 1948ರಲ್ಲಿ ನಿಜಾಮನ ಆಳ್ವಿಕೆಯಿಂದ ಹೊರಬಂದ ದಿನ, ಇಲ್ಲಿ ಬಾವುಟ ಹಾರಿಸುತ್ತೇವೆ ನೋಡ್ರಿ. ಹೋಳಿ ಆದ ಐದನೇ ದಿನ ನಮ್ಮ ಶರಣಬಸವೇಶ್ವರರ ತೇರು, ಅದೂ ಇಲ್ಲ. ಇಷ್ಟೆಲ್ಲ ಬಿಟ್ಟು ವ್ಯಾಲೆಂಟೈನ್ಸ್ ಡೇ ಮಾತ್ರ ಮರೆಯದೆ ಹಾಕಿದ್ದಾರೆ.

ಇವನ್ನೆಲ್ಲ ಸಹಿಸಬಹುದು. ನನಗೆ ಸರಿಬರದ್ದು ಮೊದಲ ಪುಟದಲ್ಲೇ ಇದೆ. 'ಕಾಯಕವೇ ಕೈಲಾಸ' ಬರುವ ವಚನವನ್ನು ಪೂರ್ತಿ ಅಚ್ಚು ಹಾಕಿ, ಕೆಳಗೆ ಬಸವಣ್ಣ ಅಂತ ಬರೆದಿದ್ದಾರೆ. ಅದು ಆಯ್ದಕ್ಕಿ ಮಾರಯ್ಯನ ವಚನ. ಕೊನೆಯಲ್ಲಿ ಅಮರೇಶ್ವರಲಿಂಗ ಅಂತ ಅಂಕಿತ ಎದ್ದು ಕಾಣ್ತಿದೆ, ಬಸವಣ್ಣನ ಅಂಕಿತ ಕೂಡಲಸಂಗಮದೇವ ಅಂತ ಶಾಲೆ ಮಕ್ಕಳಿಗೂ ಗೊತ್ತು. ಹೋಗಲಿ, ಹೆಸರು ತಪ್ಪಿದರೂ ವಚನವನ್ನಾದರೂ ಓದಿದ್ದರೆ ಪುಟವನ್ನು ಹೀಗೆ ಎರಡು ಭಾಗ ಮಾಡುತ್ತಿರಲಿಲ್ಲ. ಕಾಯಕದಲ್ಲಿ ಮುಳುಗಿದ್ದಾಗ ಗುರು ಬಂದರೂ ಮರೆ, ಲಿಂಗಪೂಜೆಯನ್ನೂ ಮರೆ, ಜಂಗಮ ಎದುರಿಗೆ ನಿಂತರೂ ಹಂಗು ಬಿಡು ಅನ್ನುತ್ತಾನೆ ಮಾರಯ್ಯ. ಅವನ ಮಾತು ಮೇಲೆ, ಅದರ ಕೆಳಗೇ ದೇವರು ಒಂದು ಕಡೆ, ಕೆಲಸ ಇನ್ನೊಂದು ಕಡೆ, ನಡುವೆ ಬಂಗಾರದ ಬಣ್ಣದ ಗೆರೆ!

ಎಡಗಡೆ ಚೌಕಗಳು ನನಗೆ ಸಂಕ್ರಾಂತಿ ದಾಟಲಿಲ್ಲ. ಪೂಜೆ ನಿಂತಿಲ್ಲ, ಟಿಕ್ ಹಾಕೋದು ನಿಂತಿತು. ನಿಂತಿರುವ ಸಂಕಲ್ಪ ಒಂದೇ, ಅದು ಬಲಗಡೆಯದು: ಅರ್ಜಿ ತಂದವರಿಗೆ ಯಾವ ಕಾಗದ ಕಡಿಮೆ ಇದೆ ಅಂತ ಅವತ್ತೇ, ಒಂದೇ ಸಲಕ್ಕೆ ಪೂರ್ತಿ ಬರೆದು ಕೊಡೋದು. ಚಿತ್ತಾಪುರ, ಸೇಡಂ ಕಡೆಯಿಂದ ಬಸ್ ಹಿಡಿದು ಬಂದ ಅಜ್ಜನಿಗೆ ಇವತ್ತು ಆಧಾರ್, ನಾಳೆ ಪಹಣಿ ಅಂತ ಅಲೆಸಿದರೆ ಬೆಳಿಗ್ಗೆ ಹಚ್ಚಿದ ವಿಭೂತಿ ಯಾವ ಲೆಕ್ಕಕ್ಕೆ? ನಮ್ಮ ಕೆಲಸಕ್ಕೆ 'ಸಕಾಲ'ದ, ಅಂದರೆ ಅರ್ಜಿ ಇಷ್ಟು ದಿನದೊಳಗೆ ಮುಗಿಸಬೇಕು ಅನ್ನೋ ಸರ್ಕಾರಿ ಕಾಯ್ದೆಯ ಗಡುವು ಇರುತ್ತೆ, ಹಾಗಾಗಿ ಗಂಟೆಯ ಗೆರೆಗಿಂತ 'ಇದು ಯಾವ ತಾರೀಖಿನೊಳಗೆ ಆಗಬೇಕು' ಅನ್ನೋ ಕಾಲಂ ಇದ್ದಿದ್ದರೆ ಎಷ್ಟೋ ಅನುಕೂಲ. ನಾನೇ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದೇನೆ.

'ವರ್ಷದ 21 ಸಂಕಲ್ಪಗಳು' ಅನ್ನೋ ಎರಡು ಪುಟ ಬೇರೆ ಇದೆ. ಯಾರಿಗೆ ಬೇಕ್ರೀ 21? ಕಲ್ಯಾಣದಲ್ಲಿ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಇದೇ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಬೈದು, ಹೆಚ್ಚಿನದನ್ನು ತಂದಲ್ಲೇ ಹಾಕಿ ಬಾ ಅಂತ ವಾಪಸ್ ಕಳಿಸಿದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತಲ್ವಾ. ನಾನು 20 ಸಾಲು ಖಾಲಿ ಬಿಟ್ಟಿದ್ದೇನೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ನಮಾಜಿಗೋ ಜಪಕ್ಕೋ ದಿನದ ಲೆಕ್ಕ ಇಡುವವರಿಗೆ ಧೈರ್ಯವಾಗಿ ಹೇಳಬಹುದು, ಕೊಳ್ಳಿ. ಕಚೇರಿಯ ಕೆಲಸಕ್ಕೆ ಮಾತ್ರ ಬೇಕು ಅಂದರೆ 90 ರೂಪಾಯಿಯ ಗೆರೆ ಹಾಕಿದ ರಿಜಿಸ್ಟರ್ ಇದಕ್ಕಿಂತ ಮೇಲು. ಯುಗಾದಿ ಮಾರ್ಚ್ 19ಕ್ಕೆ ಇದೆ, ನಿಜವಾದ ಹೊಸ ವರ್ಷ ಅದೇ ಅನ್ನುವವರು ಅಲ್ಲಿವರೆಗೆ ತಡೆದರೆ ಇನ್ನೂ ಒಳ್ಳೆಯದು. ಉಳಿದ ಡೈರಿಗಳನ್ನು ಅಂಗಡಿಯವರು ಈಗಲೇ ಬಾಗಿಲ ಹತ್ತಿರದ ಬುಟ್ಟಿಗೆ ಹಾಕಿದ್ದಾರೆ, 200ಕ್ಕೆ ಕೇಳಿ, ಕೊಡುತ್ತಾರೆ.