ಕಾಲು ಹಗುರವಾಯಿತು, ಗುಳಿಗಳು ಹಾಗೆಯೇ ಇವೆ: ಹತ್ತು ಸೆಷನ್‌ಗಳ ಕಂಪ್ರೆಷನ್ ಮಸಾಜ್

ತೊಡೆಯ ಹಿಂಬದಿಯಲ್ಲಿ ವರ್ಷಗಳಿಂದ ಇರುವ ಗುಳಿಗಳು ಕಡಿಮೆಯಾಗಬಹುದೆಂಬ ಆಸೆಯಿಂದ ನಾನು ಐದು ವಾರಗಳ ಕಾಲ, ವಾರಕ್ಕೆ ಎರಡರಂತೆ, ಹತ್ತು ಸೆಷನ್‌ಗಳ ಕಂಪ್ರೆಷನ್ ಮಸಾಜ್ (ಗಾಳಿ ತುಂಬುವ ಯಂತ್ರದಿಂದ ಕಾಲನ್ನು ಒತ್ತಿಸುವುದು) ಮಾಡಿಸಿಕೊಂಡೆ. ಕೇಂದ್ರದವರು ಕೊಟ್ಟ ಕರಪತ್ರದಲ್ಲಿ ಕಾಲಿನ ಭಾರ ಇಳಿಯುತ್ತದೆ, ತೊಡೆಯ ಸುತ್ತಳತೆ ತಗ್ಗುತ್ತದೆ, ಸೆಲ್ಯುಲೈಟ್, ಅಂದರೆ ಚರ್ಮದ ಈ ಗುಳಿ-ಉಬ್ಬುಗಳು, ಕರಗುತ್ತದೆ ಎಂದು ಬರೆದಿತ್ತು. ಮೊದಲನೆಯ ಮಾತು ನಿಜ. ಎರಡನೆಯದು ಒಂದು ರಾತ್ರಿಯ ಮಟ್ಟಿಗೆ ನಿಜ. ಮೂರನೆಯದು ನನ್ನ ವಿಷಯದಲ್ಲಿ ಸುಳ್ಳಾಯಿತು; ಅದು ಏಕೆ ಹಾಗಾಯಿತೆಂಬುದು ಆ ಯಂತ್ರ ನಿಜವಾಗಿ ಮಾಡುವ ಕೆಲಸವೇನೆಂದು ಗಮನಿಸಿದಾಗ ತಿಳಿಯಿತು.

ದಪ್ಪ ಬಟ್ಟೆಯ, ಸೊಂಟದವರೆಗೆ ಬರುವ ಎರಡು ಉದ್ದನೆಯ ಚೀಲಗಳೊಳಗೆ ಕಾಲಿಳಿಸಿ ಮಲಗಿಕೊಳ್ಳಬೇಕು. ಪ್ರತಿ ಚೀಲದಲ್ಲೂ ಒಂದರ ಮೇಲೊಂದರಂತೆ ಗಾಳಿಕೋಣೆಗಳಿರುತ್ತವೆ. ಪಾದದ ಕೋಣೆ ಮೊದಲು ಉಬ್ಬುತ್ತದೆ, ಅನಂತರ ಮೀನಖಂಡದ್ದು, ಮೊಣಕಾಲಿನದು, ಕೊನೆಗೆ ತೊಡೆಯದು. ಬಳಿಕ ಎಲ್ಲವೂ ಒಟ್ಟಿಗೆ ಗಾಳಿ ಬಿಟ್ಟು ಮತ್ತೆ ಪಾದದಿಂದ ಆರಂಭವಾಗುತ್ತದೆ. ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಯ ಬಿಗಿ ಇಡೀ ಕಾಲನ್ನು ಅಲೆಯಂತೆ ಏರಿಕೊಂಡು ಬಂದರೆ ಹೇಗಿರುತ್ತದೆಂದು ಊಹಿಸಿಕೊಂಡರೆ ಸಾಕು. ನನಗೆ 40 ಮಿಲಿಮೀಟರ್ ಪಾದರಸದ ಒತ್ತಡದಿಂದ ಆರಂಭಿಸಿ ಮೂರನೆಯ ಸೆಷನ್ ಹೊತ್ತಿಗೆ 60ಕ್ಕೆ ಏರಿಸಿದರು. ಆರನೆಯ ದಿನ, ಫಲ ಬೇಗ ಸಿಗಲೆಂದು ಹೇಳಿ 80ಕ್ಕೆ ಒಯ್ದಾಗ ಪಾದ ಮರಗಟ್ಟಿದಂತಾಗಿ ನಾನೇ ಇಳಿಸಲು ಹೇಳಿದೆ. ಹೆಚ್ಚು ಒತ್ತಿದರೆ ಹೆಚ್ಚು ಲಾಭವೆಂಬ ಲೆಕ್ಕ ಇಲ್ಲಿ ನಡೆಯದು, ಏಕೆಂದರೆ ಚರ್ಮದ ಕೆಳಗೆ ದುಗ್ಧರಸ (ಲಿಂಫ್) ಎಂಬ ದ್ರವವನ್ನು ಸಾಗಿಸುವ ದುಗ್ಧನಾಳಗಳು ಬಹಳ ನವುರಾದವು. ಅರ್ಧ ಗಂಟೆಯ ಸೆಷನ್‌ನ ಉಳಿದ ಭಾಗವೆಲ್ಲ ಹಿತವಾಗಿಯೇ ಇತ್ತು. ಎರಡು ಬಾರಿ ನಿದ್ದೆಯೂ ಬಂದಿತು.

ಈ ಯಂತ್ರದ ಮೂಲ ಉಪಯೋಗ ಸೌಂದರ್ಯಕ್ಕೆ ಸಂಬಂಧಿಸಿದ್ದಲ್ಲ. ದುಗ್ಧರಸ ಹರಿಯದೆ ಕೈಕಾಲು ಊದಿಕೊಳ್ಳುವ ಲಿಂಫೆಡಿಮಾದಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಮಲಗಿಯೇ ಇರುವ ರೋಗಿಯ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಲ್ಲಿ ಆಸ್ಪತ್ರೆಗಳು ಇದೇ ತತ್ತ್ವವನ್ನು ಬಳಸುತ್ತವೆ. ದುಗ್ಧರಸಕ್ಕೆ ರಕ್ತಕ್ಕಿರುವಂತೆ ಹೃದಯವೆಂಬ ಪಂಪಿಲ್ಲ. ನಾಳಗಳ ಸ್ವಂತ ಮಿಡಿತ, ಸ್ನಾಯುಗಳ ಚಲನೆ ಮತ್ತು ಹಿಮ್ಮುಖ ಹರಿವನ್ನು ತಡೆಯುವ ಕವಾಟಗಳ ಬಲದಿಂದಲೇ ಅದು ಮೇಲೇರಿ, ಕುತ್ತಿಗೆಯ ಬುಡದಲ್ಲಿ ರಕ್ತವನ್ನು ಸೇರಬೇಕು. ದಿನವಿಡೀ ನಿಂತೋ ಕುಳಿತೋ ಕೆಲಸ ಮಾಡುವವರ ಕಾಲಿನಲ್ಲಿ ಸಂಜೆಗೆ ನಿಲ್ಲುವ ನೀರನ್ನು ಯಂತ್ರ ಹೀಗೆ ಮೇಲಕ್ಕೆ ದೂಡುತ್ತದೆ. ಸೆಷನ್ ಮುಗಿದ ಮೇಲೆ ಮೂತ್ರಕ್ಕೆ ಅವಸರವಾಗುವುದೂ ಇದರಿಂದಲೇ. ನಮ್ಮ ಕೇಂದ್ರದ ಸಹಾಯಕಿ ಇದನ್ನು ಕಂಡು, ‘ನೋಡಿ, ಕೊಬ್ಬು ಹೊರಗೆ ಹೋಗುತ್ತಿದೆ’ ಎಂದರು. ಕೊಬ್ಬು ಹಾಗೆ ಮೂತ್ರವಾಗಿ ಹರಿದುಹೋಗುವ ವಸ್ತುವಲ್ಲ. ದೇಹ ಅದನ್ನು ಇಂಧನವಾಗಿ ಉರಿಸಿದಾಗ ಅದರ ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಬೀಳುತ್ತದೆ, ಮತ್ತು ಹೊರಗಿನಿಂದ ಒತ್ತಿದ ಮಾತ್ರಕ್ಕೆ ಈ ಉರಿಯುವಿಕೆ ಆರಂಭವಾಗುವುದಿಲ್ಲ.

ಇನ್ನು ಸೆಲ್ಯುಲೈಟ್ ಎಂಬುದು ಕೇವಲ ಕೊಬ್ಬಿನ ವಿಷಯವೂ ಅಲ್ಲ. ಹತ್ತಿಯ ಹಾಸಿಗೆಗೆ ಅಲ್ಲಲ್ಲಿ ದಾರ ಎಳೆದು ಗಂಟು ಹಾಕಿದಾಗ ಗಂಟಿನ ಜಾಗ ಕುಸಿದು ಸುತ್ತಲಿನ ಹತ್ತಿ ಉಬ್ಬುತ್ತದಲ್ಲವೇ, ಇದೂ ಹಾಗೆಯೇ. ಚರ್ಮವನ್ನು ಒಳಗಿನ ಪದರಕ್ಕೆ ಬಿಗಿದಿರುವ ನಾರಿನ ಪಟ್ಟಿಗಳು ಕೆಳಕ್ಕೆ ಎಳೆಯುತ್ತವೆ, ನಡುವಿನ ಕೊಬ್ಬಿನ ಗೂಡುಗಳು ಮೇಲಕ್ಕೆ ತಳ್ಳುತ್ತವೆ. 1978ರಲ್ಲಿ ನ್ಯೂರ್ನ್‌ಬರ್ಗರ್ ಮತ್ತು ಮುಲ್ಲರ್ ಎಂಬ ವಿಜ್ಞಾನಿಗಳು, ಹೆಂಗಸರಲ್ಲಿ ಈ ಪಟ್ಟಿಗಳು ಚರ್ಮಕ್ಕೆ ಲಂಬವಾಗಿ ಕಂಬಗಳಂತೆ ನಿಂತಿರುತ್ತವೆ, ಗಂಡಸರಲ್ಲಿ ಓರೆಯಾಗಿ ಹೆಣೆದುಕೊಂಡಿರುತ್ತವೆ ಎಂದು ವಿವರಿಸಿದರು. ಪ್ರಾಯಕ್ಕೆ ಬಂದ ಹೆಂಗಸರಲ್ಲಿ ನೂರಕ್ಕೆ 80ರಿಂದ 90 ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಇದು ಇರುತ್ತದೆ. ತೆಳ್ಳಗಿನವರೂ ಇದಕ್ಕೆ ಹೊರತಲ್ಲ. ಇಷ್ಟೊಂದು ಮಂದಿಗೆ ಇರುವುದನ್ನು ದೋಷವೆಂದು ಕರೆದು ಚಿಕಿತ್ಸೆ ಮಾರುವುದು ಜಾಣ ವ್ಯಾಪಾರ. ನಾನೂ ಅದರ ಗಿರಾಕಿಯಾದೆನಲ್ಲ ಎಂಬ ಸಂಕೋಚ ಇದನ್ನು ಬರೆಯುವಾಗಲೂ ಇದೆ.

ಅಳತೆಯ ವಿಷಯಕ್ಕೆ ಬರುತ್ತೇನೆ. ಕೇಂದ್ರದ ಟೇಪು ಪ್ರತಿ ಬಾರಿಯೂ ಬೇರೆ ಬೇರೆ ಜಾಗಕ್ಕೆ ಬೀಳುತ್ತಿದ್ದುದನ್ನು ಕಂಡು, ಮೊಣಚಿಪ್ಪಿನಿಂದ 15 ಸೆಂಟಿಮೀಟರ್ ಮೇಲೆ ನಾನೇ ಪೆನ್ನಿನಿಂದ ಗುರುತು ಹಾಕಿಕೊಂಡು ಮನೆಯಲ್ಲಿ ಅಳೆಯತೊಡಗಿದೆ. ಸೆಷನ್ ಮುಗಿದ ಕೂಡಲೇ ತೊಡೆಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಕಾಣುತ್ತಿತ್ತು. ಮೀನಖಂಡದಲ್ಲಿ ಅದಕ್ಕಿಂತ ತುಸು ಹೆಚ್ಚು. ಮರುದಿನ ಸಂಜೆಯ ಹೊತ್ತಿಗೆ ಎರಡೂ ಹಳೆಯ ಅಂಕಿಗೆ ಮರಳುತ್ತಿದ್ದವು. ಹತ್ತನೆಯ ಸೆಷನ್‌ನ ಮರುವಾರ ಅಳೆದಾಗ ಮೊದಲ ದಿನಕ್ಕೂ ಆ ದಿನಕ್ಕೂ ಎರಡು ಮಿಲಿಮೀಟರ್ ವ್ಯತ್ಯಾಸವಿತ್ತು; ಅಷ್ಟು ಟೇಪನ್ನು ಬಿಗಿಯಾಗಿ ಎಳೆದರೂ ಬರುತ್ತದೆ. ಚರ್ಮ ಮಾತ್ರ ಒಂದೆರಡು ಗಂಟೆ ನಯವಾಗಿ ಕಾಣುತ್ತಿದ್ದುದನ್ನು ಒಪ್ಪಿಕೊಳ್ಳಬೇಕು. ಒಳಗಿನ ನೀರು ಇಳಿದಾಗ ಗುಳಿಯ ಅಂಚು ತುಸು ಮೆತ್ತಗಾಗುತ್ತದೆ, ಅಷ್ಟೇ.

ಛಾಯಾಚಿತ್ರಗಳ ಬಗ್ಗೆ ನನಗೆ ನಿಜವಾದ ತಕರಾರಿದೆ. ಮೊದಲ ದಿನದ ಚಿತ್ರವನ್ನು ತಲೆಯ ಮೇಲಿನ ದೀಪದ ಕೆಳಗೆ, ಕೊನೆಯ ದಿನದ್ದನ್ನು ಕಿಟಕಿಗೆ ಎದುರಾಗಿ ನಿಲ್ಲಿಸಿ ತೆಗೆದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ವ್ಯತ್ಯಾಸ ನನ್ನನ್ನೂ ಬೆರಗುಗೊಳಿಸಿತು. ಮನೆಗೆ ಬಂದು ಅದೇ ಸಂಜೆ, ಹತ್ತು ನಿಮಿಷಗಳ ಅಂತರದಲ್ಲಿ, ಮೇಲಿನ ಬೆಳಕಿನಲ್ಲೊಂದು ಎದುರು ಬೆಳಕಿನಲ್ಲೊಂದು ಚಿತ್ರ ತೆಗೆದುಕೊಂಡಾಗ, ಯಾವ ಮಸಾಜೂ ಇಲ್ಲದೆ ಅಷ್ಟೇ ‘ಸುಧಾರಣೆ’ ಕಂಡಿತು. ಗುಳಿ ಕಾಣುವುದು ನೆರಳಿನಿಂದ. ನೆರಳನ್ನು ತೆಗೆದರೆ ಗುಳಿಯೂ ಮಾಯ. ಇಂಥ ಸೇವೆ ಪಡೆಯುವವರು ಒಂದೇ ಜಾಗ, ಒಂದೇ ದೀಪ, ಒಂದೇ ನಿಲುವಿನಲ್ಲಿ ತಮ್ಮ ಫೋನಿನಲ್ಲೇ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳಿತು.

ಇದೇ ಬಗೆಯ ಇತರ ಉಪಾಯಗಳಿಗೂ ಹೆಚ್ಚುಕಡಿಮೆ ಇದೇ ಮಿತಿಯಿದೆ. ಫ್ರಾನ್ಸಿನಲ್ಲಿ 1980ರ ದಶಕದಲ್ಲಿ ಹುಟ್ಟಿದ ಎಂಡರ್ಮಾಲಜಿ ಎಂಬ, ಚರ್ಮವನ್ನು ಹೀರಿ ಉರುಳೆಗಳ ನಡುವೆ ಹೊರಳಿಸುವ ಯಂತ್ರಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟಾಗಲೂ, ಸೆಲ್ಯುಲೈಟಿನ ತೋರಿಕೆಯನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ ಎಂಬಷ್ಟಕ್ಕೇ ಕೊಟ್ಟಿತು. ಆ ‘ತಾತ್ಕಾಲಿಕ’ ಎಂಬ ಪದ ಕರಪತ್ರಗಳಲ್ಲಿ ಉದುರಿಹೋಗುತ್ತದೆ. ಬಿಗಿಯಾದ ಕಂಪ್ರೆಷನ್ ಲೆಗ್ಗಿಂಗ್ಸ್ ತೊಟ್ಟಿರುವಷ್ಟು ಹೊತ್ತು ಮಾತ್ರ ನಯ. ನಾರಿನ ಪಟ್ಟಿಗಳನ್ನೇ ಸೂಜಿಮೊನೆಯಿಂದ ಕತ್ತರಿಸುವ ಸಬ್ಸಿಷನ್ ವಿಧಾನದ ಫಲ ಹೆಚ್ಚು ಕಾಲ ಉಳಿಯುತ್ತದೆ, ಆದರೆ ಅದು ಮಸಾಜಲ್ಲ, ವೈದ್ಯರು ಮಾಡಬೇಕಾದ ಕೆಲಸ. ನೋವು, ಕಂದುಗಟ್ಟುವಿಕೆ ಅದರ ಜೊತೆಗೇ ಬರುತ್ತವೆ.

ಈ ಕೇಂದ್ರಕ್ಕೆ ನಾನು ಅಂಕ ಕಡಿಮೆ ಕೊಡುವುದು ಗುಳಿ ಹೋಗದ್ದಕ್ಕಿಂತ ಹೆಚ್ಚಾಗಿ ಮೊದಲ ದಿನ ಒಂದು ಪ್ರಶ್ನೆಯನ್ನೂ ಕೇಳದೆ ಚೀಲ ತೊಡಿಸಿದ್ದಕ್ಕೆ. ಕಾಲಿನ ರಕ್ತನಾಳದಲ್ಲಿ ಹೆಪ್ಪು ಇರುವವರಿಗೆ ಅಥವಾ ಇರುವ ಅನುಮಾನವಿದ್ದವರಿಗೆ, ಹತೋಟಿಯಲ್ಲಿಲ್ಲದ ಹೃದಯ ವೈಫಲ್ಯ ಇರುವವರಿಗೆ, ಕಾಲಿಗೆ ರಕ್ತ ಪೂರೈಕೆ ತೀರಾ ಕುಂದಿರುವವರಿಗೆ, ಚರ್ಮದಲ್ಲಿ ಸೋಂಕು ಇರುವವರಿಗೆ ಇದು ಅಪಾಯಕಾರಿ; ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಿಸಬಾರದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಹೋಗಬೇಕಾದದ್ದು ಆಸ್ಪತ್ರೆಗೇ ಹೊರತು ಮಸಾಜಿಗಲ್ಲ. ಎರಡೂ ಕಾಲುಗಳಲ್ಲಿ ಸಮನಾಗಿ ಕೊಬ್ಬು ಸೇರಿ, ಪಾದ ಮಾತ್ರ ತೆಳ್ಳಗೆ ಉಳಿದು, ಮುಟ್ಟಿದರೆ ನೋಯುವ ಲಿಪೆಡಿಮಾವನ್ನು ಸೆಲ್ಯುಲೈಟ್ ಎಂದು ತಪ್ಪಾಗಿ ತಿಳಿಯುವುದೂ ಉಂಟು.

ಎರಡನೆಯ ಪ್ಯಾಕೇಜನ್ನು ನಾನು ತೆಗೆದುಕೊಳ್ಳಲಿಲ್ಲ. ಆದರೆ ದೂರದ ಪ್ರಯಾಣದಿಂದ ಬಂದ ಮರುದಿನ, ಕಾಲು ಕಬ್ಬಿಣದಂತೆ ಭಾರವಾಗಿದ್ದಾಗ, ಒಂದೇ ಒಂದು ಸೆಷನ್‌ಗೆ ಹಣ ಕೊಟ್ಟು ಹೋಗಿ ಮಲಗಿಬಂದಿದ್ದೇನೆ. ಆ ಬಾರಿ ಒತ್ತಡವನ್ನು 40ಕ್ಕೆ ಇಡಿಸಿದೆ, ಟೇಪನ್ನು ಮನೆಯಲ್ಲೇ ಬಿಟ್ಟಿದ್ದೆ.